ಗ್ರಾಮೊಫೋನ್ ತಟ್ಟೆಗಳ ಕಾಂತತ್ವ ನಿವಾರಣೆ

ಗ್ರಾಮೊಫೋನ್ ತಟ್ಟೆಗಳ ಕಾಂತತ್ವ ನಿವಾರಣೆ ಎಂದರೆ ವಿನೈಲ್ ಅಥವಾ ಅರಗಿನ ಧ್ವನಿಮುದ್ರಿಕೆಯನ್ನು ನುಡಿಸುವ ಮೊದಲು ಪರ್ಯಾಯ ಕಾಂತಕ್ಷೇತ್ರಕ್ಕೆ ಒಡ್ಡಿ, ಅದರಲ್ಲಿ ಸೇರಿಕೊಂಡಿದೆಯೆನ್ನಲಾದ ಕಾಂತತ್ವವನ್ನು ಅಳಿಸುವ ಕ್ರಮ. ಹೀಗೆ ಮಾಡಿದರೆ ಧ್ವನಿ ಹೆಚ್ಚು ಸ್ಪಷ್ಟವಾಗುತ್ತದೆ, ಹಿನ್ನೆಲೆಯ ಗದ್ದಲ ತಗ್ಗುತ್ತದೆ ಎಂಬುದು ಈ ಉಪಕರಣಗಳನ್ನು ಬಳಸುವವರ ಹೇಳಿಕೆ. ಭೌತಶಾಸ್ತ್ರದ ದೃಷ್ಟಿಯಿಂದ ಈ ಹೇಳಿಕೆಗೆ ಆಧಾರವಿಲ್ಲ. ತಟ್ಟೆಯಲ್ಲಿ ಧ್ವನಿ ಉಳಿದಿರುವುದು ಆಕಾರವಾಗಿಯೇ ಹೊರತು ಕಾಂತತ್ವವಾಗಿ ಅಲ್ಲ. ತಟ್ಟೆಯ ದ್ರವ್ಯವೂ ಕಾಂತತ್ವವನ್ನು ಹಿಡಿದಿಟ್ಟುಕೊಳ್ಳುವಂಥದಲ್ಲ. ಆದರೂ ವಿಷಯವನ್ನು ಒಂದೇ ಮಾತಿನಲ್ಲಿ ತಳ್ಳಿಹಾಕುವಂತಿಲ್ಲ. ಏಕೆಂದರೆ ತಟ್ಟೆಯ ಸುತ್ತಲಿನ ಕಾರ್ಟ್ರಿಜ್, ಮೋಟಾರು, ಟೇಪು ಮೊದಲಾದ ಅನೇಕ ವಸ್ತುಗಳಲ್ಲಿ ಕಾಂತತ್ವಕ್ಕೆ ನಿಜವಾದ ಪಾತ್ರವಿದೆ. ಹಳೆಯ ಸಂಗ್ರಹಗಳನ್ನು ಕಾಪಾಡುವವರು ಯಾವುದನ್ನು ಶುಚಿಗೊಳಿಸಬೇಕು, ಯಾವುದನ್ನು ಅಯಸ್ಕಾಂತದಿಂದ ದೂರವಿಡಬೇಕು ಎಂದು ತಿಳಿದಿರುವುದು ಅಗತ್ಯ. ಮೈಸೂರು ಅರಮನೆಯ ಹೆಸರಾಂತ ಧ್ವನಿಮುದ್ರಿಕೆ ಸಂಗ್ರಹಕ್ಕೆ ಸಂಬಂಧಿಸಿದ ಒಂದು ಪ್ರಸಂಗ ಇದಕ್ಕೆ ಒಳ್ಳೆಯ ನಿದರ್ಶನವಾಗಿದ್ದು, ಅದನ್ನು ಮುಂದೆ ವಿವರಿಸಲಾಗಿದೆ.

ಹಿನ್ನೆಲೆ

ಕಾಂತತ್ವ ನಿವಾರಣೆಯ ಕಲ್ಪನೆ ಗ್ರಾಮೊಫೋನಿನದಲ್ಲ, ಟೇಪ್ ರೆಕಾರ್ಡರಿನದು. ಟೇಪಿನ ಮೇಲೆ ಕಬ್ಬಿಣದ ಆಕ್ಸೈಡ್ ಅಥವಾ ಕ್ರೋಮಿಯಂ ಡೈಆಕ್ಸೈಡ್‌ನ ಸೂಕ್ಷ್ಮ ಕಣಗಳ ಲೇಪವಿದ್ದು, ಧ್ವನಿಯು ಆ ಕಣಗಳ ಕಾಂತತ್ವದ ಏರಿಳಿತವಾಗಿ ದಾಖಲಾಗುತ್ತದೆ. ಟೇಪು ಸದಾ ಉಜ್ಜಿಕೊಂಡು ಹೋಗುವ ಲೋಹದ ಹೆಡ್ಡು ಕಾಲಕ್ರಮೇಣ ತಾನೂ ಸ್ವಲ್ಪ ಅಯಸ್ಕಾಂತವಾಗುತ್ತದೆ. ಆಗ ಟೇಪಿನಲ್ಲಿ ಸರ್ರೆನ್ನುವ ಸದ್ದು ಹೆಚ್ಚುತ್ತದೆ, ತಾರಸ್ಥಾಯಿಯ ನಾದ ಮಂಕಾಗುತ್ತದೆ. ಆದ್ದರಿಂದ ಬಾನುಲಿ ಕೇಂದ್ರಗಳಲ್ಲಿಯೂ ಧ್ವನಿಮುದ್ರಣ ಶಾಲೆಗಳಲ್ಲಿಯೂ ಹೆಡ್ಡುಗಳ ಕಾಂತತ್ವವನ್ನು ಆಗಾಗ ತೆಗೆಯುವುದು ವಾಡಿಕೆಯ ಕೆಲಸವಾಗಿತ್ತು. ಕ್ಯಾಸೆಟ್ ಯುಗದಲ್ಲಿ ಇದಕ್ಕೆಂದೇ ಚಿಕ್ಕ ಉಪಕರಣಗಳು ಮನೆಗಳಿಗೂ ಬಂದವು.

ಇಂಥ ಉಪಕರಣದ ತತ್ತ್ವ ಸರಳವಾದುದು. ತಂತಿಸುರುಳಿಯೊಂದರಲ್ಲಿ ಪರ್ಯಾಯ ವಿದ್ಯುತ್ ಹರಿಸಿದರೆ, ಸೆಕೆಂಡಿಗೆ 50 ಆವರ್ತದ ನಮ್ಮ ದೇಶದ ವಿದ್ಯುತ್ತಿನಲ್ಲಿ ಕಾಂತಕ್ಷೇತ್ರದ ದಿಕ್ಕು ಸೆಕೆಂಡಿಗೆ 100 ಬಾರಿ ತಿರುಗುಮುರುಗಾಗುತ್ತದೆ. ಕಬ್ಬಿಣದ ವಸ್ತುವೊಂದನ್ನು ಅದರ ಹತ್ತಿರ ತಂದು ನಿಧಾನವಾಗಿ ದೂರ ಒಯ್ದರೆ, ವಸ್ತುವಿನೊಳಗಿನ ಕಾಂತತ್ವವು ಅತ್ತಿತ್ತ ತೂಗುತ್ತ, ಪ್ರತಿ ತೂಗಿಗೂ ಸ್ವಲ್ಪ ಸ್ವಲ್ಪವಾಗಿ ಕುಗ್ಗಿ, ಕಡೆಗೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ದೂರ ಒಯ್ಯುವ ಮೊದಲೇ ಸ್ವಿಚ್ಚನ್ನು ಆರಿಸಿದರೆ ಮಾತ್ರ ವಸ್ತು ಮೊದಲಿಗಿಂತ ಹೆಚ್ಚಾಗಿ ಅಯಸ್ಕಾಂತವಾಗಿ ಉಳಿಯುವ ಸಂಭವವುಂಟು.

ಇದೇ ತತ್ತ್ವವನ್ನು ತಟ್ಟೆಗಳಿಗೆ ಅನ್ವಯಿಸುವ ದುಬಾರಿ ಯಂತ್ರಗಳು 2000ರ ದಶಕದಲ್ಲಿ ಮಾರುಕಟ್ಟೆಗೆ ಬಂದವು. ಜಪಾನಿನ ಫುರುಟೆಕ್ ಸಂಸ್ಥೆಯ ಡಿಮ್ಯಾಗ್ ಇವುಗಳಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು. ವಿನೈಲಿಗೆ ಕಪ್ಪು ಬಣ್ಣ ಕೊಡಲು ಸೇರಿಸುವ ಪುಡಿಯಲ್ಲಿ ಲೋಹದ ಅಂಶಗಳಿದ್ದು ಅವು ಅಯಸ್ಕಾಂತವಾಗುತ್ತವೆ ಎಂಬುದು ಇಂಥ ಯಂತ್ರಗಳ ಪರವಾದ ಮುಖ್ಯ ವಾದ. ಅಮೆರಿಕದ ಸ್ಟೀರಿಯೋಫೈಲ್ ಪತ್ರಿಕೆಯ ವಿಮರ್ಶಕ ಮೈಕೆಲ್ ಫ್ರೆಮರ್ ವ್ಯತ್ಯಾಸ ತಮಗೆ ಕೇಳಿಸಿತೆಂದು ಬರೆದರು. ಎಂಜಿನಿಯರುಗಳಲ್ಲಿ ಅನೇಕರು ಇದನ್ನು ಒಪ್ಪಲಿಲ್ಲ. ಇದೇ ಮಾದರಿಯ ಯಂತ್ರಗಳನ್ನು ಸಿ.ಡಿ.ಗಳಿಗೂ ಶಿಫಾರಸು ಮಾಡಿದ್ದುಂಟು. ಪಾಲಿಕಾರ್ಬೊನೇಟ್ ಮತ್ತು ಅಲ್ಯೂಮಿನಿಯಂನಿಂದಾದ, ಬೆಳಕಿನ ಕಿರಣದಿಂದ ಓದಲ್ಪಡುವ ಸಿ.ಡಿ.ಯ ವಿಷಯದಲ್ಲಿ ಈ ವಾದ ಇನ್ನಷ್ಟು ದುರ್ಬಲ.

ತಟ್ಟೆಯಲ್ಲಿ ಧ್ವನಿ ಇರುವ ಬಗೆ

ಗ್ರಾಮೊಫೋನ್ ತಟ್ಟೆಯ ಮೇಲೆ ಹೊರ ಅಂಚಿನಿಂದ ಒಳಕ್ಕೆ ಸಾಗುವ ಒಂದೇ ಒಂದು ಸುರುಳಿಗೀರು ಇರುತ್ತದೆ. ಆ ಗೀರಿನ ಗೋಡೆಗಳ ಬಳುಕೇ ಧ್ವನಿಯ ದಾಖಲೆ. ಸೆಕೆಂಡಿಗೆ 1000 ಕಂಪನಗಳ ನಾದವೊಂದನ್ನು ಸಾಮಾನ್ಯ ಮಟ್ಟದಲ್ಲಿ, ಅಂದರೆ ಸೂಜಿಯ ಗರಿಷ್ಠ ವೇಗ ಸೆಕೆಂಡಿಗೆ 5 ಸೆಂ.ಮೀ. ಆಗುವಂತೆ ಕೊರೆದಿದ್ದರೆ, ಗೀರು ನಡುಗೆರೆಯಿಂದ ಸುಮಾರು 8 ಮೈಕ್ರೋಮೀಟರಿನಷ್ಟು ಅತ್ತಿತ್ತ ಸರಿಯುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಎಂಟು ಭಾಗ. ಮೆಲುದನಿಗಳಲ್ಲಿ ಈ ಸರಿತ ಇನ್ನೂ ಎಷ್ಟೋ ಪಾಲು ಚಿಕ್ಕದು.

ಸೂಜಿಯು ಈ ಬಳುಕನ್ನು ಅನುಸರಿಸುತ್ತದೆ. ಆಧುನಿಕ ಕಾರ್ಟ್ರಿಜ್‌ಗಳಲ್ಲಿ ಹೆಚ್ಚಿನವು ಈ ಚಲನೆಯನ್ನು ವಿದ್ಯುತ್ತಾಗಿ ಪರಿವರ್ತಿಸಲು ಅಯಸ್ಕಾಂತವನ್ನು ಬಳಸುತ್ತವೆ. ಚಲಿಸುವ ಅಯಸ್ಕಾಂತದ ಬಗೆಯಲ್ಲಿ ಸೂಜಿಯ ಕಡ್ಡಿಯ ಇನ್ನೊಂದು ತುದಿಗೆ ಪುಟ್ಟ ಅಯಸ್ಕಾಂತವಿದ್ದು, ಅದು ನಿಶ್ಚಲವಾದ ತಂತಿಸುರುಳಿಗಳ ನಡುವೆ ಅಲುಗಾಡುತ್ತದೆ. ಚಲಿಸುವ ಸುರುಳಿಯ ಬಗೆಯಲ್ಲಿ ಅಯಸ್ಕಾಂತ ನಿಶ್ಚಲ, ಸುರುಳಿಗಳು ಚಲಿಸುತ್ತವೆ. ಎರಡರಲ್ಲಿಯೂ ಫ್ಯಾರಡೆಯ ಪ್ರೇರಣಾ ನಿಯಮದಂತೆ ವಿದ್ಯುತ್ತು ಹುಟ್ಟುತ್ತದೆ; ಮೊದಲನೆಯದರಲ್ಲಿ ಕೆಲವು ಮಿಲಿವೋಲ್ಟ್, ಎರಡನೆಯದರಲ್ಲಿ ಸಾಮಾನ್ಯವಾಗಿ ಅರ್ಧ ಮಿಲಿವೋಲ್ಟಿಗಿಂತ ಕಡಿಮೆ. ಅಯಸ್ಕಾಂತವು ಇರುವುದು ಕಾರ್ಟ್ರಿಜ್‌ನಲ್ಲಿ. ತಟ್ಟೆ ಒದಗಿಸುವುದು ಚಲನೆಯನ್ನು ಮಾತ್ರ. ಚರ್ಚೆಯಲ್ಲಿ ಗೊಂದಲ ಹುಟ್ಟುವುದು ಬಹುಪಾಲು ಈ ಎರಡನ್ನು ಬೆರೆಸುವುದರಿಂದಲೇ.

ದ್ರವ್ಯದ ಗುಣ

ಎಲ್.ಪಿ. ತಟ್ಟೆಗಳು ವಿನೈಲ್ ಕ್ಲೋರೈಡ್ ಮತ್ತು ವಿನೈಲ್ ಅಸಿಟೇಟ್ ಕೂಡಿದ ಪ್ಲಾಸ್ಟಿಕ್ಕಿನಿಂದಾದವು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆ ನಿಮಿಷಕ್ಕೆ 33⅓ ಸುತ್ತಿನ ಎಲ್.ಪಿ.ಯನ್ನು ಹೊರತಂದಾಗಿನಿಂದ ಈ ದ್ರವ್ಯವೇ ಮುಖ್ಯವಾಗಿ ಬಳಕೆಯಲ್ಲಿದೆ. ಇದು ಡಯಾಕಾಂತೀಯ ವಸ್ತು. ಅಂದರೆ ಅಯಸ್ಕಾಂತದ ಸಮೀಪದಲ್ಲಿ ಅತ್ಯಲ್ಪವಾಗಿ ವಿಕರ್ಷಿತವಾಗುತ್ತದೆ, ಅಯಸ್ಕಾಂತವನ್ನು ತೆಗೆದ ಕ್ಷಣ ಆ ಪ್ರಭಾವವೂ ಇಲ್ಲವಾಗುತ್ತದೆ. ಅಳಿಸಲು ಅಲ್ಲಿ ಉಳಿದಿರುವುದೇನೂ ಇಲ್ಲ. ಕಪ್ಪು ಬಣ್ಣಕ್ಕಾಗಿ ಬೆರೆಸುವ ಕಾರ್ಬನ್ ಬ್ಲ್ಯಾಕ್ ಸಾಮಾನ್ಯವಾಗಿ ಶೇಕಡ ಒಂದಕ್ಕಿಂತ ಕಡಿಮೆ ಪ್ರಮಾಣದ್ದು. ಅದು ಮಸಿ, ಕಬ್ಬಿಣವಲ್ಲ. ಬಿಸಿಯಲ್ಲಿ ಪ್ಲಾಸ್ಟಿಕ್ ಕೆಡದಂತೆ ಸೇರಿಸುವ ಸೀಸ, ತವರ, ಬೇರಿಯಂ ಮೊದಲಾದವುಗಳ ಸಂಯುಕ್ತಗಳೂ ಕಾಂತತ್ವವನ್ನು ಹಿಡಿದಿಡುವಂಥವಲ್ಲ. ಕಪ್ಪಲ್ಲದ, ಬಣ್ಣವೇ ಇಲ್ಲದ ಪಾರದರ್ಶಕ ತಟ್ಟೆಗಳೂ ಇವೆ. ಮಸಿಯಲ್ಲಿ ಕಬ್ಬಿಣವಿದೆ ಎಂಬ ವಾದ ಅವುಗಳಿಗೆ ಅನ್ವಯಿಸುವುದೇ ಇಲ್ಲ.

ಭೂಮಿಯ ಕಾಂತಕ್ಷೇತ್ರದಿಂದಲೇ ತಟ್ಟೆಗಳು ಅಯಸ್ಕಾಂತವಾಗುತ್ತವೆ ಎಂಬ ಮಾತೂ ಇದೆ. ಮೈಸೂರಿನ ಪ್ರದೇಶದಲ್ಲಿ ಭೂಮಿಯ ಕಾಂತಕ್ಷೇತ್ರದ ಬಲ ಸುಮಾರು 40 ಮೈಕ್ರೋಟೆಸ್ಲಾ. ದಕ್ಷಿಣ ಭಾರತವು ಕಾಂತೀಯ ಸಮಭಾಜಕಕ್ಕೆ ಸಮೀಪವಿರುವುದರಿಂದ ಇಲ್ಲಿ ಕಾಂತರೇಖೆಗಳು ನೆಲಕ್ಕೆ ಬಹುತೇಕ ಸಮಾನಾಂತರವಾಗಿರುತ್ತವೆ. ಇಷ್ಟು ಕ್ಷೇತ್ರದಲ್ಲಿಟ್ಟ ವಿನೈಲ್ ತಟ್ಟೆ ತೋರುವ ಪ್ರತಿಕ್ರಿಯೆ ಅದರ ಲಕ್ಷದಲ್ಲಿ ಒಂದು ಭಾಗದ ಆಸುಪಾಸಿನದು, ಅಂದರೆ 0.4 ನ್ಯಾನೊಟೆಸ್ಲಾದಷ್ಟು. ಕಾರ್ಟ್ರಿಜ್‌ನೊಳಗಿನ ಅಯಸ್ಕಾಂತದ ಕ್ಷೇತ್ರ ಇದಕ್ಕಿಂತ ಕೋಟ್ಯಂತರ ಪಾಲು ಬಲವಾದುದು.

ಭೂಮಿಯ ಕಾಂತತ್ವವನ್ನು ನಿಜವಾಗಿ ನೆನಪಿಟ್ಟುಕೊಳ್ಳುವ ದ್ರವ್ಯ ಯಾವುದು ಎಂದು ನೋಡಬೇಕಾದರೆ ಮೈಸೂರಿನವರು ದೂರ ಹೋಗಬೇಕಿಲ್ಲ. ನಗರದ ಆಗ್ನೇಯಕ್ಕಿರುವ ಚಾಮುಂಡಿ ಬೆಟ್ಟವು ಗ್ರಾನೈಟ್ ಶಿಲೆಯದು. ಗ್ರಾನೈಟ್‌ನಂಥ ಅಗ್ನಿಶಿಲೆಗಳಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್‌ನ ಕಣಗಳು ಅಲ್ಪ ಪ್ರಮಾಣದಲ್ಲಿ ಇರುವುದುಂಟು. ಕರಗಿದ ಶಿಲೆ ತಣಿಯುತ್ತ ಸುಮಾರು 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಈ ಕಣಗಳು ಆ ಕಾಲದ ಭೂಕಾಂತಕ್ಷೇತ್ರದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೋಟ್ಯಂತರ ವರ್ಷಗಳ ಬಳಿಕವೂ ಭೂವಿಜ್ಞಾನಿಗಳು ಅದನ್ನು ಓದಬಲ್ಲರು. ಇಂಥ ಬೆಟ್ಟಗಳ ಬುಡದಲ್ಲಿ ಮಳೆನೀರು ಹರಿದ ಕೊರಕಲಿನ ಮರಳಿನಲ್ಲಿ ಅಯಸ್ಕಾಂತವನ್ನು ಆಡಿಸಿದರೆ ಸಾಮಾನ್ಯವಾಗಿ ಕಪ್ಪು ಕಣಗಳು ಮೀಸೆಯಂತೆ ಅಂಟಿಕೊಂಡು ಬರುತ್ತವೆ. ಅದೇ ಅಯಸ್ಕಾಂತವನ್ನು ದಾರದಲ್ಲಿ ತೂಗಬಿಟ್ಟು ಎಲ್.ಪಿ. ತಟ್ಟೆಯ ಅಂಚಿನ ಬಳಿ ಹಿಡಿದರೆ ಕಣ್ಣಿಗೆ ಕಾಣುವಂಥ ಯಾವ ಸೆಳೆತವೂ ಇರುವುದಿಲ್ಲ. ವಿದ್ಯಾರ್ಥಿಗಳು ಶಾಲೆಯಲ್ಲಿಯೇ ಮಾಡಿ ನೋಡಬಹುದಾದ ಪ್ರಯೋಗವಿದು. ತಟ್ಟೆಯ ಮೇಲೆ ಗೀಚು ಬೀಳದಂತೆ ಎಚ್ಚರವಹಿಸಿದರಾಯಿತು.

ಕಾರ್ಟ್ರಿಜ್‌ಗೆ ತಲುಪಬಹುದಾದುದೆಷ್ಟು

ವಾದಕ್ಕಾಗಿ ತಟ್ಟೆಯಲ್ಲಿ ಎಲ್ಲೋ ಕೆಲವು ಕಬ್ಬಿಣದ ಕಣಗಳು ಕಲಬೆರಕೆಯಾಗಿವೆ, ಅವು ಅಯಸ್ಕಾಂತವೂ ಆಗಿವೆ ಎಂದು ಒಪ್ಪಿಕೊಳ್ಳೋಣ. ಆಗಲೂ ಅವು ಕೇಳಿಸಬೇಕಾದರೆ ಕಾರ್ಟ್ರಿಜ್‌ನ ಸುರುಳಿಗಳಲ್ಲಿ ಶ್ರವ್ಯ ಆವೃತ್ತಿಯ ವಿದ್ಯುತ್ತನ್ನು ಹುಟ್ಟಿಸಬೇಕು. ಇಡೀ ತಟ್ಟೆ ಒಂದೇ ಸಮನಾಗಿ ಅಯಸ್ಕಾಂತವಾಗಿದ್ದರೆ ಅದರ ಪ್ರಭಾವ ಸುತ್ತಿಗೊಮ್ಮೆ ಮಾತ್ರ ಏರಿಳಿಯುತ್ತದೆ. ನಿಮಿಷಕ್ಕೆ 33⅓ ಸುತ್ತು ಎಂದರೆ ಸೆಕೆಂಡಿಗೆ 0.56 ಆವರ್ತ. ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20 ಆವರ್ತದಿಂದ ಮೇಲಿನದು.

ಕೇಳಿಸುವಂಥ ಸದ್ದಾಗಬೇಕಾದರೆ ಕಾಂತತ್ವವು ತಟ್ಟೆಯ ಉದ್ದಕ್ಕೂ ಒತ್ತೊತ್ತಾಗಿ ಬದಲಾಗುತ್ತಿರಬೇಕು. ಎಲ್.ಪಿ.ಯ ಹೊರ ಅಂಚಿನಲ್ಲಿ ಗೀರು ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ವೇಗದಲ್ಲಿ ಹರಿಯುತ್ತದೆ. ಆದ್ದರಿಂದ 1000 ಆವರ್ತದ ಸದ್ದಿಗೆ ಬೇಕಾದ ಕಾಂತೀಯ ವಿನ್ಯಾಸದ ತರಂಗಾಂತರ ಸುಮಾರು ಅರ್ಧ ಮಿಲಿಮೀಟರ್. ಇಂಥ ವಿನ್ಯಾಸದ ಕ್ಷೇತ್ರ ಮೇಲ್ಮೈಯಿಂದ ದೂರ ಸರಿದಂತೆ ಬಹಳ ವೇಗವಾಗಿ ಕ್ಷಯಿಸುತ್ತದೆ. ಒಂದು ತರಂಗಾಂತರದಷ್ಟು ದೂರ ಹೋದರೆ ಸುಮಾರು 55 ಡೆಸಿಬೆಲ್ ನಷ್ಟ, ಎರಡರಷ್ಟಾದರೆ 110. ಟೇಪಿನ ಹೆಡ್ಡಿಗೆ ಒಂದಿಷ್ಟು ಧೂಳು ಕುಳಿತರೂ ಧ್ವನಿ ಮಸುಕಾಗುವುದು ಇದರಿಂದಲೇ. ಟೇಪು ಹೆಡ್ಡಿಗೆ ಅಂಟಿಕೊಂಡೇ ಸಾಗಬೇಕಾದುದೂ ಇದರಿಂದಲೇ. ಕಾರ್ಟ್ರಿಜ್‌ನ ಸುರುಳಿಗಳಾದರೋ ತಟ್ಟೆಯ ಮೇಲ್ಮೈಯನ್ನು ಮುಟ್ಟುವುದಿಲ್ಲ. ಅವು ಕೇವಲ 3 ಮಿ.ಮೀ. ಎತ್ತರದಲ್ಲಿವೆ ಎಂದಿಟ್ಟುಕೊಂಡರೂ 1000 ಆವರ್ತದಲ್ಲಿ ನಷ್ಟವು 320 ಡೆಸಿಬೆಲ್ ಮೀರುತ್ತದೆ. ಒಂದು ಒಳ್ಳೆಯ ಎಲ್.ಪಿ.ಯಲ್ಲಿ ಅತಿ ಗಟ್ಟಿಯಾದ ಧ್ವನಿಗೂ ಹಿನ್ನೆಲೆಯ ಗದ್ದಲಕ್ಕೂ ನಡುವಿನ ಅಂತರವೇ 60–70 ಡೆಸಿಬೆಲ್. ಲೆಕ್ಕದಲ್ಲಿ ಹತ್ತು ಪಾಲು ತಪ್ಪಿದರೂ, ಸಾವಿರ ಪಾಲು ತಪ್ಪಿದರೂ ಫಲಿತಾಂಶ ಬದಲಾಗುವುದಿಲ್ಲ.

ಅರಗಿನ ತಟ್ಟೆಗಳು

ನಿಮಿಷಕ್ಕೆ 78 ಸುತ್ತಿನ ಹಳೆಯ ತಟ್ಟೆಗಳ ಮಾತು ಸ್ವಲ್ಪ ಬೇರೆ. ಹಿರಿಯರು ಪ್ಲೇಟು ಎಂದೇ ಕರೆಯುತ್ತಿದ್ದ ಇವುಗಳಲ್ಲಿ ಅರಗು ಬಂಧಕವಾಗಿದ್ದು, ಕಲ್ಲಿನ ಪುಡಿ, ಹತ್ತಿಯ ಎಳೆ ಮತ್ತು ಮಸಿ ಬೆರೆತಿರುತ್ತಿದ್ದವು. (ಅರಗಿನ ಉದ್ಯಮಕ್ಕೂ ಮೈಸೂರಿಗೂ ಬೇರೊಂದು ನಂಟಿದೆ: ಈಗ ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಇಲ್ಲಿನ ಕಾರ್ಖಾನೆ 1937ರಲ್ಲಿ ಆರಂಭವಾದದ್ದು ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ.) ಕಲ್ಲಿನ ಪುಡಿ ಬೆರೆಸಿದ್ದಕ್ಕೆ ಒಂದು ಉದ್ದೇಶವೂ ಇತ್ತು. ಅದು ಉಕ್ಕಿನ ಸೂಜಿಯನ್ನು ಮೊದಲ ಕೆಲವು ಸುತ್ತುಗಳಲ್ಲಿಯೇ ಅರೆದು ಗೀರಿನ ಆಕಾರಕ್ಕೆ ಹೊಂದಿಸುತ್ತಿತ್ತು. ಒಂದು ಬದಿ ನುಡಿಸಿದ ಮೇಲೆ ಸೂಜಿಯನ್ನು ಎಸೆಯಬೇಕೆಂಬ ಸೂಚನೆ ಇದ್ದುದೂ ಇದೇ ಕಾರಣಕ್ಕೆ.

ಹೀಗೆ ಅರೆದ ಉಕ್ಕು ಎಲ್ಲಿ ಹೋಗುತ್ತದೆ? ಸ್ವಲ್ಪ ಭಾಗ ಗೀರಿನಲ್ಲಿಯೇ ಉಳಿಯುತ್ತದೆ. ಬಹಳ ಸಲ ನುಡಿಸಿದ ಅರಗಿನ ತಟ್ಟೆಯ ಗೀರಿನಲ್ಲಿ ಉಕ್ಕಿನ ಧೂಳು ಇರಬಹುದೆಂಬುದು ಕಲ್ಪನೆಯಲ್ಲ. ಕಾಂತತ್ವ ನಿವಾರಣೆಯ ವಾದಕ್ಕೆ ಸಿಗಬಹುದಾದ ಅತ್ಯಂತ ಗಟ್ಟಿಯಾದ ಆಧಾರವೂ ಇದೇ. ಆದರೆ ಈ ಧೂಳು ಸದ್ದು ಮಾಡುವುದು ಸೂಜಿಗೆ ಎಡರುವುದರಿಂದ; ಅದರ ಕಾಂತತ್ವವನ್ನು ಅಳಿಸಿದ ಮಾತ್ರಕ್ಕೆ ಕಣ ಅಲ್ಲಿಂದ ಕದಲುವುದಿಲ್ಲ. ಅದಕ್ಕೆ ಬೇಕಾದುದು ಶುಚಿಗೊಳಿಸುವ ಕೆಲಸ. ಅರಗಿನ ತಟ್ಟೆಗಳನ್ನು ಸ್ಪಿರಿಟ್ ಅಥವಾ ಮದ್ಯಸಾರದಿಂದ ಒರೆಸಬಾರದು, ಅರಗು ಅದರಲ್ಲಿ ಕರಗುತ್ತದೆ.

ಆ ಕಾಲದ ನುಡಿಸುವ ಯಂತ್ರಗಳಲ್ಲಿ ಅಯಸ್ಕಾಂತವೇ ಇರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಸೂಜಿಯ ಕಂಪನ ಒಂದು ತೆಳುಬಿಲ್ಲೆಗೆ, ಅಲ್ಲಿಂದ ಕಹಳೆಗೆ ಹೋಗುತ್ತಿತ್ತು. ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೊಫೋನ್ ಕಂಪನಿಗಾಗಿ ಹಾಡಿದಾಗ ಧ್ವನಿಮುದ್ರಣವೂ ಹೀಗೆ ಕಹಳೆಯ ಮೂಲಕವೇ ನಡೆಯಿತು; ವಿದ್ಯುತ್ ಧ್ವನಿಮುದ್ರಣ ರೂಢಿಗೆ ಬಂದದ್ದು 1925ರಿಂದೀಚೆಗೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1928ರಲ್ಲಿ ಮೈಸೂರಿಗೆ ಬಂದು ನೆಲೆಸಿದ ಈ ಗಾಯಕಿ 1930ರ ಜನವರಿ 17ರಂದು ಇಲ್ಲಿಯೇ ತೀರಿಕೊಂಡರು. ಅವರ ತಟ್ಟೆಗಳು ಇಂದು ಸಂಗ್ರಾಹಕರ ಬಳಿ ಉಳಿದಿವೆ. ಕೊರೆಯುವಾಗಲೂ ನುಡಿಸುವಾಗಲೂ ವಿದ್ಯುತ್ತನ್ನಾಗಲಿ ಅಯಸ್ಕಾಂತವನ್ನಾಗಲಿ ಬಳಸದೆ ತಲೆಮಾರುಗಳು ಕೇಳಿದ ತಟ್ಟೆಗಳವು.

ಮೈಸೂರು ಅರಮನೆಯ ಸಂಗ್ರಹ ಮತ್ತು 1950ರ ತಟ್ಟೆಗಳು

ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರ್ (1919–1974) ಚಾಮುಂಡೇಶ್ವರಿಯ ಉಪಾಸಕರು, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅದರೊಂದಿಗೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಗಾಢ ಅಭ್ಯಾಸಿಗಳೂ ಆಗಿದ್ದರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರು. ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಡ್ಟ್‌ನರ್ ಲಂಡನ್ನಿನಲ್ಲಿ ಬಡತನದಲ್ಲಿದ್ದಾಗ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರೂ ಅವರೇ. ಮೆಡ್ಟ್‌ನರ್ ತಮ್ಮ ಮೂರನೆಯ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ್ದಾರೆ. ಅರಮನೆಯ ಸಂಗ್ರಹದಲ್ಲಿ ಸುಮಾರು 20,000 ತಟ್ಟೆಗಳಿದ್ದವೆಂದು ಆಗ ಅಂದಾಜು ಮಾಡಲಾಗಿತ್ತು.

ಜರ್ಮನಿಯ ರಿಚರ್ಡ್ ಸ್ಟ್ರಾಸ್ 1949ರಲ್ಲಿ ನಿಧನರಾದ ಮೇಲೆ, ಅವರ ಕಡೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್. ಮಹಾರಾಜರು ಈ ಕಛೇರಿಗೆ 4,800 ಡಾಲರುಗಳ ಖಾತರಿ ನೀಡಿದ್ದರು. ತಾವು ಹೋಗಲಾಗದಿದ್ದರೂ ಅದರ ಧ್ವನಿಮುದ್ರಣ ಮೈಸೂರಿನ ತಮ್ಮ ಸಂಗ್ರಹಕ್ಕೆ ಸೇರಬೇಕೆಂಬುದು ಅವರ ಅಪೇಕ್ಷೆ. ಧ್ವನಿಮುದ್ರಣವನ್ನು ಮೈಸೂರಿಗೆ ಕಳುಹಿಸಿಕೊಡಲಾಯಿತು.

ಆ ಸಂಜೆಯ ಧ್ವನಿ ದಾಖಲಾದದ್ದು ಅಸಿಟೇಟ್ ಎಂದು ಕರೆಯಲಾಗುವ ತಟ್ಟೆಗಳ ಮೇಲೆ. ಹೆಸರು ಹಾಗಿದ್ದರೂ ಇಂಥ ತಟ್ಟೆಗಳ ಮೇಲಿನ ಮೆರುಗುಲೇಪ ಸಾಮಾನ್ಯವಾಗಿ ಸೆಲ್ಯುಲೋಸ್ ನೈಟ್ರೇಟ್‌ನದು, ಒಳಗಿನ ಬಿಲ್ಲೆ ಹೆಚ್ಚಾಗಿ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಲೋಹವಾದರೂ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಕಾಂತತ್ವವನ್ನು ಉಳಿಸಿಕೊಳ್ಳುವುದೂ ಇಲ್ಲ. ಲೇಪ ಮಾತ್ರ ಬಹಳ ಮೃದು. ಸ್ಥಳದಲ್ಲಿಯೇ ಕೊರೆದು ಕೂಡಲೇ ಕೇಳಲು ಅನುಕೂಲವಾಗಲೆಂದೇ ಅದನ್ನು ಮೃದುವಾಗಿ ತಯಾರಿಸುತ್ತಿದ್ದರು, ಅದರಿಂದಾಗಿ ಪ್ರತಿ ಸಲ ನುಡಿಸಿದಾಗಲೂ ಸೂಜಿ ಅದರ ಒಂದಂಶವನ್ನು ಒಯ್ಯುತ್ತದೆ. ಈ ಕಛೇರಿಯ ಧ್ವನಿಯನ್ನು ಮೊದಲ ಬಾರಿಗೆ ಎಲ್.ಪಿ.ಗೆ ವರ್ಗಾಯಿಸುವ ವೇಳೆಗೆ ತಟ್ಟೆಗಳು ಬಹಳವಾಗಿ ಸವೆದಿದ್ದು, ಆ ವರ್ಗಾವಣೆ ತೀರ ಕಳಪೆಯೆಂದೇ ಪರಿಗಣಿತವಾಯಿತು. 21ನೆಯ ಶತಮಾನದಲ್ಲಿ ಡಿಜಿಟಲ್ ತಂತ್ರದಿಂದ ಮಾಡಿದ ಪುನರುದ್ಧಾರಗಳೇ ಅದನ್ನು ಸಹನೀಯವಾಗಿ ಕೇಳುವಂತೆ ಮಾಡಿದವು.

ಒಬ್ಬ ದೊಡ್ಡ ಗಾಯಕಿಯ, ಮತ್ತೆಂದೂ ಮರುಕಳಿಸದ ಒಂದು ಸಂಜೆಯ ದನಿ ಮಸುಕಾದದ್ದು ಸೂಜಿಯ ಉಜ್ಜಾಟದಿಂದ. ಕಳೆದ ಅಂಶ ಗೀರಿನ ಗೋಡೆಯಿಂದ ಕಿತ್ತುಹೋದ ಲೇಪ. ಅದನ್ನು ಯಾವ ಕಾಂತಕ್ಷೇತ್ರವೂ ಹಿಂದಕ್ಕೆ ತರಲಾರದು. ಹಳೆಯ ಅಸಿಟೇಟ್ ತಟ್ಟೆಗಳಿಗೆ ಇನ್ನೊಂದು ಬಾಧೆಯೂ ಉಂಟು. ಲೇಪವನ್ನು ಮೃದುವಾಗಿಡಲು ಬೆರೆಸಿದ ಹರಳೆಣ್ಣೆ ಕ್ರಮೇಣ ಒಡೆದು, ಪಾಮಿಟಿಕ್ ಮತ್ತು ಸ್ಟಿಯರಿಕ್ ಆಮ್ಲಗಳು ಬಿಳಿಯ ಪೊರೆಯಾಗಿ ಮೇಲೆ ಬರುತ್ತವೆ. ಕಡೆಗೆ ಲೇಪವೇ ಬಿರುಕು ಬಿಟ್ಟು ಹಕ್ಕಳೆಯಂತೆ ಏಳುತ್ತದೆ. ಇಂಥ ತಟ್ಟೆ ಮನೆಯಲ್ಲಿ ಸಿಕ್ಕರೆ ಕುತೂಹಲಕ್ಕೂ ನುಡಿಸಿ ನೋಡಬಾರದು, ಬಲ್ಲವರಿಂದ ಒಮ್ಮೆಗೇ ಡಿಜಿಟಲ್ ಪ್ರತಿ ಮಾಡಿಸಬೇಕು. ಅಗ್ಗದ ಕೆಲವು ಸ್ವಯಂಮುದ್ರಣ ತಟ್ಟೆಗಳಲ್ಲಿ ಉಕ್ಕಿನ ಬಿಲ್ಲೆಯೂ ಬಳಕೆಯಾಗಿತ್ತು. ಅಯಸ್ಕಾಂತಕ್ಕೆ ಅಂಟುವ ಗ್ರಾಮೊಫೋನ್ ತಟ್ಟೆ ಎಂದರೆ ಬಹುಮಟ್ಟಿಗೆ ಅದೇ.

ವ್ಯತ್ಯಾಸ ಕೇಳಿಸುವುದೇಕೆ

ಕಾಂತತ್ವ ತೆಗೆದ ಮೇಲೆ ಧ್ವನಿ ಬದಲಾಯಿತು ಎನ್ನುವವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಎಂದು ಭಾವಿಸಬೇಕಿಲ್ಲ. ಒಂದೇ ತಟ್ಟೆಯನ್ನು ಎರಡು ಸಲ ನುಡಿಸಿದರೆ ಎರಡು ಸಲವೂ ಧ್ವನಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುವುದಿಲ್ಲ. ಮೊದಲ ಸಲ ಸೂಜಿ ಗೀರಿನ ಧೂಳನ್ನು ಒಂದಿಷ್ಟು ಗುಡಿಸಿರುತ್ತದೆ. ಕಾರ್ಟ್ರಿಜ್‌ನೊಳಗಿನ ರಬ್ಬರು ಬಿಸಿಯಾಗಿ ಹದಕ್ಕೆ ಬಂದಿರುತ್ತದೆ. ತಟ್ಟೆಯನ್ನು ಎತ್ತಿ, ಯಂತ್ರದ ಮೇಲಿಟ್ಟು, ಮರಳಿ ತರುವಾಗ ಅದರ ಮೇಲಿನ ಸ್ಥಿರವಿದ್ಯುತ್ತಿನಲ್ಲಿ ಏರುಪೇರಾಗಿರುತ್ತದೆ.

ಈ ಸ್ಥಿರವಿದ್ಯುತ್ತಿನ ಪಾಲನ್ನು ಕಡೆಗಣಿಸುವಂತಿಲ್ಲ. ವಿನೈಲ್ ಒಳ್ಳೆಯ ವಿದ್ಯುತ್ ನಿರೋಧಕ. ಲಕೋಟೆಯಿಂದ ಸರ್ರನೆ ಎಳೆದರೆ ಸಾವಿರಾರು ವೋಲ್ಟುಗಳಷ್ಟು ವಿದ್ಯುದಂಶ ಅದರ ಮೇಲೆ ಕೂಡಿಕೊಳ್ಳಬಹುದು. ಅದು ಧೂಳನ್ನು ಸೆಳೆಯುತ್ತದೆ, ಸೂಜಿಯ ಬಳಿ ಕಿಡಿಯಾಗಿ ಚಟಚಟ ಸದ್ದು ಮಾಡುತ್ತದೆ. ಮೈಸೂರಿನಂಥ ಒಳನಾಡಿನಲ್ಲಿ ಫೆಬ್ರವರಿ–ಮಾರ್ಚಿನ ಒಣಹವೆಯಲ್ಲಿ ಇದು ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಧೂಳು ಅಂಟುವುದನ್ನು ಕಂಡು ತಟ್ಟೆ ಅಯಸ್ಕಾಂತವಾಗಿದೆ ಎಂದು ಭ್ರಮಿಸುವುದು ಸಹಜ. ಆದರೆ ಬಾಚಣಿಗೆಗೆ ಕಾಗದದ ಚೂರು ಅಂಟುವುದೂ ಗುಂಡುಸೂಜಿ ಅಯಸ್ಕಾಂತಕ್ಕೆ ಅಂಟುವುದೂ ಬೇರೆ ಬೇರೆ ವಿದ್ಯಮಾನಗಳು. ಕಾರ್ಬನ್ ಎಳೆಗಳ ಕುಂಚ, ಸ್ಥಿರವಿದ್ಯುತ್ ನಿರೋಧಕ ಒಳಲಕೋಟೆ, ಒದ್ದೆ ತೊಳೆತ ಇವು ಈ ತೊಂದರೆಗೆ ತಕ್ಕ ಪರಿಹಾರಗಳು. ಇವುಗಳಿಗೆ ತಗಲುವ ವೆಚ್ಚವೂ ಯಂತ್ರದ ಬೆಲೆಯ ಒಂದು ಸಣ್ಣ ಪಾಲು.

ಉಳಿದದ್ದು ನಿರೀಕ್ಷೆ. ಬದಲಾವಣೆಯಾಗಿದೆ ಎಂದು ನಂಬಿ ಕೇಳುವ ಕಿವಿ ಮೊದಲು ಗಮನಿಸದಿದ್ದ ತಂಬೂರಿಯ ಝೇಂಕಾರವನ್ನು ಈಗ ಗಮನಿಸುತ್ತದೆ. ಅದು ಮೊದಲೂ ಅಲ್ಲಿಯೇ ಇತ್ತು.

ಪರೀಕ್ಷಿಸುವ ಕ್ರಮ

ಆಸಕ್ತರು ಇದನ್ನು ತಾವೇ ಪರೀಕ್ಷಿಸಬಹುದು. ತಟ್ಟೆಯನ್ನು ಮೊದಲು ಚೆನ್ನಾಗಿ ಶುಚಿಗೊಳಿಸಿ, ಕಾರ್ಟ್ರಿಜ್ ಹದಕ್ಕೆ ಬರುವವರೆಗೆ ಬೇರೊಂದು ತಟ್ಟೆಯನ್ನು ನುಡಿಸಿ, ಬಳಿಕ ಒಂದೇ ಭಾಗವನ್ನು ಮೂರು ಸಲ ಕಂಪ್ಯೂಟರಿಗೆ ಧ್ವನಿಮುದ್ರಿಸಿಕೊಳ್ಳಬೇಕು. ಅನಂತರ ಕಾಂತತ್ವ ನಿವಾರಕ ಯಂತ್ರದ ಮೇಲಿಟ್ಟು ಮತ್ತೆ ಮೂರು ಸಲ. ಇದರ ಜೊತೆಗೆ ಬಹಳ ಜನ ಮರೆಯುವ ಒಂದು ಹಂತವಿದೆ: ಯಂತ್ರದ ಮೇಲಿಟ್ಟು ಸ್ವಿಚ್ಚು ಹಾಕದೆಯೇ ತೆಗೆದು ಇನ್ನೂ ಮೂರು ಸಲ. ಚಿಕಿತ್ಸೆಗೆ ಮುಂಚಿನ ಮೂರು ಪ್ರತಿಗಳ ನಡುವೆಯೇ ಇರುವ ವ್ಯತ್ಯಾಸವನ್ನು ಅಳೆಯದೆ ಮುಂಚಿನದನ್ನೂ ಅನಂತರದ್ದನ್ನೂ ಹೋಲಿಸುವುದರಲ್ಲಿ ಅರ್ಥವಿಲ್ಲ.

ಕಿವಿಯಿಂದ ನಿರ್ಣಯಿಸುವುದಾದರೆ ಕೇಳುವವರಿಗೂ ನುಡಿಸುವವರಿಗೂ ಯಾವುದು ಯಾವ ಪ್ರತಿಯೆಂದು ತಿಳಿದಿರಬಾರದು. ಎಲ್ಲ ಪ್ರತಿಗಳ ಮಟ್ಟವೂ ಸಮನಾಗಿರಬೇಕು, ಏಕೆಂದರೆ ಅರ್ಧ ಡೆಸಿಬೆಲ್ ಗಟ್ಟಿಯಾದದ್ದು ಗಟ್ಟಿಯೆಂದು ತೋರದೆ ಚೆನ್ನಾಗಿದೆ ಎಂದು ತೋರುತ್ತದೆ. 16 ಸಲ ಕೇಳಿ 12 ಸಲವಾದರೂ ಸರಿಯಾಗಿ ಗುರುತಿಸಿದರೆ ಅದು ಬರಿಯ ಊಹೆಯಿಂದ ಆಗಿರುವ ಸಂಭವ ಶೇಕಡ ನಾಲ್ಕಕ್ಕಿಂತ ಕಡಿಮೆ. 9 ಅಥವಾ 10 ಸರಿಯಾದರೆ ನಾಣ್ಯ ಚಿಮ್ಮಿದಂತೆಯೇ.

ಕಾಂತತ್ವ ತೊಡಕಾಗುವ ಕಡೆಗಳು

ಗ್ರಾಮೊಫೋನಿನಲ್ಲಿ ಕಾಂತತ್ವದಿಂದ ಧ್ವನಿ ಕೆಡುವ ನಿಜವಾದ ಸಂದರ್ಭಗಳಿವೆ. ಮೋಟಾರು ಅಥವಾ ಟ್ರಾನ್ಸ್‌ಫಾರ್ಮರಿನಿಂದ ಸೋರುವ ಕಾಂತಕ್ಷೇತ್ರ ಕಾರ್ಟ್ರಿಜ್‌ನ ಸುರುಳಿಯಲ್ಲಿ 50 ಆವರ್ತದ ಗುಂಯ್‌ಗುಟ್ಟುವಿಕೆಯನ್ನು ಹುಟ್ಟಿಸುತ್ತದೆ. ಉಪಕರಣಗಳನ್ನು ದೂರವಿಟ್ಟರೆ ಅಥವಾ ತಕ್ಕ ಕವಚ ಹಾಕಿದರೆ ಇದು ತಗ್ಗುತ್ತದೆ. ತಿರುಗುವ ಗಾಲಿ ಉಕ್ಕಿನದಾಗಿದ್ದರೆ, ಬಲವಾದ ಅಯಸ್ಕಾಂತವುಳ್ಳ ಚಲಿಸುವ ಸುರುಳಿಯ ಕಾರ್ಟ್ರಿಜ್ ಅದರತ್ತ ಸೆಳೆಯಲ್ಪಟ್ಟು ಸೂಜಿಯ ಭಾರ ಹೆಚ್ಚುತ್ತದೆ. ಎಲ್.ಪಿ.ಗೆ ಸಾಮಾನ್ಯವಾಗಿ ಬೇಕಾದ ಭಾರ ಎರಡು ಗ್ರಾಂ ಆಸುಪಾಸು; ಅದರ ಮೇಲೆ ಅರ್ಧ ಗ್ರಾಂ ಸೇರಿದರೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿಯೂ ತಪ್ಪು ತಟ್ಟೆಯದಲ್ಲ.

ಕಬ್ಬಿಣದ ತಿರುಳಿರುವ ಚಲಿಸುವ ಸುರುಳಿಯ ಕಾರ್ಟ್ರಿಜ್‌ಗಳಿಗೆಂದು ಪ್ರತ್ಯೇಕ ಕಾಂತತ್ವ ನಿವಾರಕಗಳಿವೆ. ಅವುಗಳನ್ನು ಚಲಿಸುವ ಅಯಸ್ಕಾಂತದ ಕಾರ್ಟ್ರಿಜ್‌ಗೆ ಬಳಸಬಾರದು. ಅದರ ಅಯಸ್ಕಾಂತವೇ ದುರ್ಬಲವಾದರೆ ಕಾರ್ಟ್ರಿಜ್ ಕೆಲಸಕ್ಕೆ ಬಾರದಂತಾಗುತ್ತದೆ.

ಅತ್ಯಂತ ದೊಡ್ಡ ಅಪಾಯ ಟೇಪುಗಳಿಗೆ. ಹಳೆಯ ಸಂಗ್ರಹವಿರುವ ಮನೆಗಳಲ್ಲಿ ತಟ್ಟೆಗಳೂ ಕ್ಯಾಸೆಟ್ಟುಗಳೂ ಸಾಮಾನ್ಯವಾಗಿ ಒಂದೇ ಕಪಾಟಿನಲ್ಲಿರುತ್ತವೆ. ಮೈಸೂರು ಅನಂತಸ್ವಾಮಿಯವರ ನಿತ್ಯೋತ್ಸವದಂಥ ಭಾವಗೀತೆಗಳ ಧ್ವನಿಸುರುಳಿಯನ್ನು ಇನ್ನೊಂದು ಕಡೆಯಿಂದ ಪಡೆಯಬಹುದು. ಮದುವೆಮನೆಯಲ್ಲಿ ಅಜ್ಜಿ ಹೇಳಿದ ಸೋಬಾನೆ ಪದದ ಕ್ಯಾಸೆಟ್ಟಿಗೆ ಇನ್ನೊಂದು ಪ್ರತಿ ಇರುವುದಿಲ್ಲ. ತಟ್ಟೆಗೆ ಏನೂ ಮಾಡಲಾರದ ಪರ್ಯಾಯ ಕಾಂತಕ್ಷೇತ್ರ ಕ್ಯಾಸೆಟ್ಟಿನ ಲೇಪದ ಮೇಲೆ ಕ್ಷಣಮಾತ್ರದಲ್ಲಿ ಕೆಲಸ ಮಾಡುತ್ತದೆ, ಅಳಿಸಿದ್ದನ್ನು ಮರಳಿ ಪಡೆಯುವ ದಾರಿಯಿಲ್ಲ. ಕಾಂತತ್ವ ನಿವಾರಕ ಯಂತ್ರವನ್ನು ಬಳಸುವವರು ಟೇಪು, ಕ್ಯಾಸೆಟ್ಟು ಮತ್ತು ಕಾರ್ಟ್ರಿಜ್‌ಗಳನ್ನು ಮೊದಲೇ ಬೇರೆ ಕೋಣೆಗೆ ಸಾಗಿಸುವುದು ಕ್ಷೇಮ.